ಬಚ್ಚಲೊಲೆಯ ಮಫಿನ್

ಮಹಿಳಾ ಸಮಾಜದ ಸಭೆಯಲ್ಲಿ ಯಾರೋ, "ಬಿ.ಎ. ಓದಿದವರ ಕೈಯಲ್ಲಿ ಒಗ್ಗರಣೆ ಕೂಡ ಸಿಡಿಯಲ್ಲ," ಎಂದದ್ದೇ ಎಲ್ಲಕ್ಕೂ ಮೂಲ. ಆ ಸಭೆಯಲ್ಲಿ ಬಿ.ಎ. ಓದಿದ್ದವಳು ಶಾಮಲಾ ಒಬ್ಬಳೇ. ಸುಮ್ಮನಿರುವ ವಿದ್ಯೆಯನ್ನು ಯಾವ ಕಾಲೇಜೂ ಕಲಿಸುವುದಿಲ್ಲವಾದ್ದರಿಂದ ಅವಳು ಎದ್ದು ನಿಂತು, "ಶುಕ್ರವಾರ ಸಂಜೆ ಎಲ್ಲರೂ ನಮ್ಮನೆಗೆ ಬನ್ನಿ. ಮಫಿನ್ ಮಾಡ್ತೀನಿ," ಎಂದುಬಿಟ್ಟಳು.

ಮಫಿನ್ ಎಂದರೆ ಲೋಟದ ಬಾಯಷ್ಟಗಲದ ಸಿಹಿ ಕೇಕು. ಭದ್ರಾವತಿಯಲ್ಲಿದ್ದ ದೊರೆಸಾನಿಯೊಬ್ಬಳು ತನ್ನ ದೇಶಕ್ಕೆ ಹೊರಡುವ ಮುಂಚೆ, ತನ್ನ ಅಜ್ಜಿಯ ಕಾಲದಿಂದ ಬಂದ ಕ್ರಮವೆಂದು ಶಾಮಲೆಗೆ ಅದನ್ನು ಹೇಳಿಕೊಟ್ಟಿದ್ದಳು. ಮೈದಾ, ಸಕ್ಕರೆ, ಬೆಣ್ಣೆ, ಸೋಡ. ಇವಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಉಳಿದದ್ದು ಮೊಟ್ಟೆ.

ಶಾಮಲೆಯ ಅತ್ತೆ ಸುಭದ್ರಮ್ಮನವರ ಮನೆಗೆ ಈರುಳ್ಳಿಯೇ ಹಿತ್ತಲ ಬಾಗಿಲಿನಿಂದ ಕದ್ದು ಬರುತ್ತಿತ್ತು. ಮೊಟ್ಟೆಯ ಸುದ್ದಿ ಅವರಿಗೆ ತಿಳಿದರೆ ಸೊಸೆ ತವರಿನ ಗಾಡಿ ಹತ್ತಬೇಕಾದೀತು. ಮಾಡದಿದ್ದರೆ ಸಮಾಜದಲ್ಲಿ ತಲೆ ಎತ್ತುವ ಹಾಗಿಲ್ಲ.

ಶುಕ್ರವಾರ ಬೆಳಿಗ್ಗೆ ಅವಳು ಹಿತ್ತಲ ಬೇಲಿಯ ಹತ್ತಿರ ಹೋಗಿ, ಕೋಳಿ ಸಾಕಿದ್ದ ಪಕ್ಕದ ಮನೆಯ ಹುಚ್ಚಮ್ಮನನ್ನು ಕರೆದಳು. "ಹುಚ್ಚಮ್ಮ, ಎರಡು ಮೊಟ್ಟೆ ಒಡೆದು ಕಲಸಿ ಕೊಡ್ತೀಯಾ? ಯಾರಿಗೂ ಗೊತ್ತಾಗಬಾರದು."

ಹುಚ್ಚಮ್ಮ ಅವಳ ಮುಖವನ್ನೇ ನೋಡಿದಳು. "ಬಸುರಿ ಬಯಕೆಯಾ ತಾಯಿ?"

"ಅಲ್ಲ ಮಾರಾಯ್ತಿ, ಮಫಿನ್ನು."

"ಅದ್ಯಾವ ಕಾಯಿಲೆಯೋ," ಎನ್ನುತ್ತಾ ಹುಚ್ಚಮ್ಮ ಒಳಗೆ ಹೋಗಿ, ಎಲೆ ಮುಚ್ಚಿದ ತಂಬಿಗೆ ತಂದುಕೊಟ್ಟಳು.

ಹೈಸ್ಕೂಲಿನ ವಿಜ್ಞಾನದ ತರಗತಿಯಲ್ಲಿ ಶಾಮಲಾ ಮೊಟ್ಟೆಯ ಚಿತ್ರ ಬರೆದು ಭಾಗಗಳನ್ನು ಗುರುತಿಸಿದ್ದಳು. ಒಡೆದ ಮೊಟ್ಟೆಯನ್ನು ಮಾತ್ರ ಹುಟ್ಟಿದಾರಭ್ಯ ಕಂಡಿರಲಿಲ್ಲ. ಕಣ್ಣು ಮುಚ್ಚಿ, ಮೂಗು ಹಿಡಿದು, ಹರಳೆಣ್ಣೆ ಕುಡಿಯುವ ಮುಖ ಮಾಡಿಕೊಂಡು ಅದನ್ನು ಹಿಟ್ಟಿಗೆ ಸುರಿದಳು. ಅಡುಗೆಮನೆಗೆ ಮೈಲಿಗೆಯಾಗದಿರಲೆಂದು ಬಚ್ಚಲೊಲೆಯ ಮೇಲೆ ಪಾತ್ರೆಯಿಟ್ಟು, ಒಳಗೆ ಮರಳು ಹರವಿ, ಹಿಟ್ಟು ತುಂಬಿದ ಲೋಟಗಳನ್ನು ಜೋಡಿಸಿ, ಮುಚ್ಚಳದ ಮೇಲೆ ಕೆಂಡ ಸುರಿದಳು.

ಮಫಿನ್ ಉಬ್ಬಿತು. ಘಮಲು ಬೀದಿಗೆ ಹೋಗಿ ನಂಜಮ್ಮನನ್ನು ಕರೆದುಕೊಂಡು ಬಂತು. ಬೀದಿಯ ಯಾವ ಮನೆಯ ಸಾರಿಗೆ ಉಪ್ಪು ಕಡಿಮೆಯೆಂದು ಬಲ್ಲ ಹೆಂಗಸು ಆಕೆ.

"ದೊರೆಸಾನಿ ತಿಂಡಿ ಆದ್ರೇನು ಸುಭದ್ರಮ್ಮ, ದೇವರಿಗೆ ತೋರಿಸ್ದೆ ಹತ್ತು ಜನಕ್ಕೆ ಬಡಿಸ್ತೀರಾ?"

ಹೌದಲ್ಲ ಎನ್ನಿಸಿತು ಸುಭದ್ರಮ್ಮನವರಿಗೆ. ಮಫಿನ್ನುಗಳನ್ನು ಬೆಳ್ಳಿ ತಟ್ಟೆಗೆ ಹಾಕಿ, ತುಳಸಿಯಿಟ್ಟು, ದೇವರ ಮನೆಯ ಹೊಸಿಲು ದಾಟಲು ಕಾಲೆತ್ತಿದರು. ತನ್ನ ಮಾನ ಹೋದರೂ ಸರಿ, ದೇವರ ಬಾಯಿಗೆ ಮೊಟ್ಟೆ ಬೇಡವೆಂದು ಶಾಮಲಾ ಓಡಿಹೋಗಿ ಅತ್ತೆಯ ಕಿವಿಯಲ್ಲಿ ಎಲ್ಲವನ್ನೂ ಹೇಳಿದಳು.

ಸುಭದ್ರಮ್ಮ ತಟ್ಟೆಯನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿದರು. ಆಮೇಲೆ ನಂಜಮ್ಮನ ಕಡೆ ತಿರುಗಿ ಶಾಂತವಾಗಿ, "ನೈವೇದ್ಯಕ್ಕೆ ಆಗಲ್ಲ ನಂಜಮ್ಮ. ಇರುವೆ ಬಿದ್ದಿದೆ," ಎಂದರು.

"ಇರುವೆ ತಾನೆ, ತೆಗೆದು ಹಾಕಿ."

ಎಂದೂ ಸುಳ್ಳು ಹೇಳಿ ಅಭ್ಯಾಸವಿಲ್ಲದ ಸುಭದ್ರಮ್ಮ ತಡವರಿಸಿದರು. "ಜಿರಲೆನೂ ಬಿದ್ದಿದೆ."

ನಂಜಮ್ಮ ಸೆರಗು ಮುದುರಿಕೊಂಡು ಹೊರಟುಹೋದಳು.

ಅತ್ತೆ ಬೈಯಲಿಲ್ಲ. "ಆ ಹುಚ್ಚಮ್ಮನ ಮಕ್ಕಳಾದ್ರೂ ತಿನ್ನಲಿ, ಕೊಟ್ಟು ಬಾ," ಎಂದರು. ಅದು ಶಾಮಲೆಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಬೇಲಿಯ ಹತ್ತಿರ ತಟ್ಟೆ ನೀಡಿದಾಗ ಹುಚ್ಚಮ್ಮ ಕೈ ಚಾಚಲಿಲ್ಲ.

"ಅಯ್ಯೋ ತಾಯಿ, ನೀವೇ ತಿನ್ನಿ. ಅದ್ರಲ್ಲಿ ಮೊಟ್ಟೆ ಎಲ್ಲೈತೆ? ನಿಮ್ಮಂಥವ್ರ ಮನೆ ಕೆಡಿಸಿದ ಪಾಪ ನಂಗ್ಯಾಕೆ ಅಂತ ಬಾಳೆಹಣ್ಣು ಕಿವುಚಿ ಹಾಲು ಹಾಕಿ ಕೊಟ್ಟೆ."

ಶಾಮಲಾ ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿಬಂದಳು. "ಅತ್ತೆ, ಮೊಟ್ಟೆ ಇಲ್ಲ. ಬರೀ ಬಾಳೆಹಣ್ಣು, ಹಾಲು."

"ಹಣ್ಣು ಹಾಲಿಗೆ ದೋಷವಿಲ್ಲ," ಎಂದು ಸುಭದ್ರಮ್ಮ ಮುಗುಳ್ನಕ್ಕರು. "ಆದ್ರೆ ನೀನು ಹಾಕ್ಬೇಕು ಅಂತಿದ್ದೆಯಲ್ಲ? ಅದಕ್ಕೊಂದು ತಲೆಸ್ನಾನ ಮಾಡ್ಕೊಂಡು ಬಾ."

ಒದ್ದೆ ಕೂದಲು ಗಂಟು ಹಾಕಿಕೊಂಡು ಶಾಮಲಾ ಹೊರಗೆ ಬರುವಷ್ಟರಲ್ಲಿ ಸಮಾಜದ ಹೆಂಗಸರೆಲ್ಲ ಜಮಖಾನದ ಮೇಲೆ ಕುಳಿತಿದ್ದರು. ಅವರ ನಡುವೆ ನಂಜಮ್ಮನೂ ಇದ್ದಳು. ಹೊಂಬಣ್ಣದ ಮಫಿನ್ನುಗಳನ್ನು ಶಾಮಲಾ ಹೆಮ್ಮೆಯಿಂದ ಮುಂದಿಟ್ಟಳು.

ಯಾರೂ ಮುಟ್ಟಲಿಲ್ಲ. ಅಧ್ಯಕ್ಷಿಣಿ ಅವಳ ಕೈ ಸವರಿ, ತೀರಾ ಮೃದುವಾಗಿ, "ಬೇಜಾರು ಮಾಡ್ಕೋಬೇಡಮ್ಮ, ಇವತ್ತು ನನಗೆ ಏಕಾದಶಿ," ಎಂದರು. ಪಕ್ಕದವರಿಗೂ ಏಕಾದಶಿ. ಅವರ ಪಕ್ಕದವರಿಗೂ ಏಕಾದಶಿ.

ಅಂದು ಪಂಚಮಿ.