ಬಿಳೀ ಬೂಟಿನ ಅಭಿಷೇಕ

ನಾಗಮಣಿ: ನಾನು ಕೇಳಿದ್ದು ಹಾಲೆಲ್ಲಿ ಅಂತ. ನೀವು ಹೇಳ್ತಿರೋದು ಟ್ರೇಲರ್ ಕಥೆ!

ಬದರಿನಾಥ: ಎರಡಕ್ಕೂ ಸಂಬಂಧ ಇದೆ ಕಣೇ. ಮೊದಲು ಟ್ರೇಲರ್ ಕೇಳು, ಹಾಲು ತಾನಾಗೇ ಬರುತ್ತೆ.

ನಾಗಮಣಿ: ತಾನಾಗೇ ಬರೋಕೆ ಅದೇನು ಕಾರ್ಪೊರೇಷನ್ ನಲ್ಲಿಯ ನೀರೇ? ಈ ಊರಲ್ಲಿ ಅದೂ ಬರಲ್ಲ!

ಮದರಾಸಿನ ರಾಯಪುರಂನಲ್ಲಿ ಒಂದು ಮಹಡಿ ಮನೆ. ಕೆಳಗೆ ಮಾಲೀಕ ಮುರಳೀಧರ, ಮೇಲೆ ಬಾಡಿಗೆಗೆ ಬದರಿನಾಥ ಮತ್ತು ಅವನ ಹೆಂಡತಿ ನಾಗಮಣಿ. ಭಾನುವಾರ, ಬೆಳಗಿನ ಎಂಟು ಗಂಟೆ. ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿ ಮೂಟೆ ಹೊರುವವರ ಮೇಲೆಲ್ಲ ಹುಲಿಯಂತೆ ಗುಡುಗುವ ಬದರಿನಾಥ, ಈಗ ಎರಡು ಖಾಲಿ ಹಾಲಿನ ಬಾಟಲಿಗಳನ್ನು ಕಂಕುಳಲ್ಲಿ ಅವಚಿಕೊಂಡು ಬಾಗಿಲಲ್ಲಿ ಕಳ್ಳಬೆಕ್ಕಿನ ಹಾಗೆ ನಿಂತಿದ್ದ. ಹಾಲು ಕುಡಿದ ಬೆಕ್ಕಿಗಾದರೂ ಹೊಟ್ಟೆ ತುಂಬಿರುತ್ತದೆ. ಇವನಿಗೆ ಅದೂ ಇಲ್ಲ. ಹಾಲಿನ ಡಿಪೋಗೆ ಹೋದವನು ಮನೆಗೆ ಬರುವ ಧೈರ್ಯ ಸಾಲದೆ ಬೀದಿಬೀದಿ ಸುತ್ತಿ ಕಾಲು ನೋಯಿಸಿಕೊಂಡು ಬಂದಿದ್ದ.

ನಾಗಮಣಿ: ಒಂಬತ್ತು ಗಂಟೆಗೆ ಮುರಳಿಯಣ್ಣ ಮೇಲೆ ಬರ್ತಾರೆ. ಯಾಕೆ ಬರ್ತಾರೆ, ಗೊತ್ತಾ?

ಬದರಿನಾಥ: ಕಾಫಿಗೆ.

ನಾಗಮಣಿ: ಕಾಫಿಗಲ್ಲ. ನಮ್ಮನ್ನ ಮನೆ ಬಿಡಿಸೋದೋ ಬೇಡವೋ ಅಂತ ಹೇಳೋಕೆ! ಅವರ ಹೆಂಡತಿ ಕೌಸಲ್ಯಾ ಹತ್ರ ಹಲ್ಲು ಗಿಂಜಿ ಗಿಂಜಿ ನನ್ನ ದವಡೆ ನೋಯ್ತಾ ಇದೆ. ಶಾವಿಗೆ ಪಾಯಸ ಮಾಡಿಡ್ತೀನಿ, ಡಿಗ್ರಿ ಕಾಫಿ ಕೊಡ್ತೀನಿ, ಒಂದು ಸಲ ಅವರನ್ನ ಮೇಲೆ ಕಳಿಸಿ ಅಂತ ಗೋಗರೆದಿದ್ದೀನಿ. ಸಿಹಿನೀರಿನ ಬಾವಿ ಇರೋ ಮನೆ ಮದ್ರಾಸಲ್ಲಿ ಇನ್ನೊಂದು ಸಿಗುತ್ತೇನ್ರೀ?

ಬದರಿನಾಥ: ಅಷ್ಟು ಕೋಪ ಬರೋಕೆ ನಾನೇನು ಮಾಡಿದೆ ಅವನಿಗೆ?

ನಾಗಮಣಿ: ಏನು ಮಾಡಿದ್ರಾ? ಆ ತಮಿಳು ಹೀರೋ ಇಳಮಾರನ್ ಟ್ರೇಲರ್ ಬಂದಾಗ ಥಿಯೇಟರ್ ಪೂರ್ತಿ ಕೇಳೋ ಹಾಗೆ ಏನಂದ್ರಿ?

ಬದರಿನಾಥ: ಇದ್ದದ್ದು ಅಂದೆ. ಹೊಟ್ಟೆ ಕೆಟ್ಟವನು ಓಡೋ ಹಾಗೆ ಓಡ್ತಾನೆ ಅಂದೆ.

ನಾಗಮಣಿ: ನಿಮ್ಮನ್ನ ಪ್ರೀತಿಯಿಂದ ಕರ್ಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಂಡಿದ್ದು ಯಾರು?

ಬದರಿನಾಥ: ಮುರಳೀಧರ.

ನಾಗಮಣಿ: ಈ ಪೇಟೆಯ ಇಳಮಾರನ್ ಅಭಿಮಾನಿಗಳ ಸಂಘಕ್ಕೆ, ಅದೇ ಆ ಮನ್ರಂಗೆ, ಅಧ್ಯಕ್ಷರು ಯಾರು?

ಬದರಿನಾಥ: (ದನಿ ಇಳಿಸಿ) ಅವನೇ.

ನಾಗಮಣಿ: ಮಾರನೇ ದಿನ ಮನೆ ಖಾಲಿ ಮಾಡಿ ಅಂದ್ರು. ಅನ್ನದೇ ಇನ್ನೇನು ಆರತಿ ಎತ್ತಬೇಕಿತ್ತಾ? ಈಗ ಹೇಳಿ, ಹಾಲೆಲ್ಲಿ?

ಬದರಿನಾಥನ ಮುಖ ಒಮ್ಮೆಲೇ ಅರಳಿತು. ಹೆಂಡತಿಯ ಕೋಪ, ಬಾವಿ, ಬಾಡಿಗೆ ಎಲ್ಲವೂ ಅವನ ಕಣ್ಣಿಂದ ಮರೆಯಾದವು. ಬಾಟಲಿಗಳನ್ನು ಕೆಳಗಿಟ್ಟು ಎರಡು ಕೈಗಳಿಂದಲೂ ಗಾಳಿಯಲ್ಲಿ ಒಂದು ಬೆಳ್ಳಿತೆರೆಯನ್ನು ಎಳೆದು ಕಟ್ಟಿದ.

ಬದರಿನಾಥ: ಹೋದ ಭಾನುವಾರ ಮಾರ್ನಿಂಗ್ ಷೋ ಇಂಟರ್ವಲ್ಲಲ್ಲಿ ನಮ್ಮ ನಟಭೂಷಣ ಸುಧನ್ವಕುಮಾರನ ಹೊಸ ಪಿಕ್ಚರ್ ಟ್ರೇಲರ್ ಹಾಕಿದ್ರು. ಎಂಥ ಟ್ರೇಲರ್ ಅಂತೀಯ! ಮೊದಲು ಮುಖಾನೇ ತೋರಿಸಲ್ಲ. ಬರೀ ಕಾಲು. ಬಿಳೀ ಬೂಟು! ಬೂಟು ಮುಂದೆ ಮುಂದೆ ಬರುತ್ತೆ, ಧೂಳು ಏಳುತ್ತೆ, ಜನ ಶಿಳ್ಳೆ ಹಾಕ್ತಾರೆ. ಕ್ಯಾಮರಾ ಮೇಲಕ್ಕೆ ಹೋದರೆ, ಹೆಗಲ ಮೇಲೆ ನೇಗಿಲು!

ನಾಗಮಣಿ: ಬಿಳೀ ಬೂಟು ಹಾಕ್ಕೊಂಡು ಗದ್ದೆ ಉಳ್ತಾನಾ?

ಬದರಿನಾಥ: ಪಟ್ಟಣದಲ್ಲಿ ಓದಿ ಬಂದ ರೈತ ಕಣೇ!

ನಾಗಮಣಿ: ಕೆಸರಿಗೆ ಇಳಿಯುವಾಗ ಬಿಳೀ ಬೂಟು ಹಾಕ್ಕೋ ಅಂತ ಯಾವ ಕಾಲೇಜಲ್ಲಿ ಹೇಳಿಕೊಡ್ತಾರೋ!

ಬದರಿನಾಥ: ಆಮೇಲೆ ತಾಯಿ. ಕುರುಡಿ. ಆಮೇಲೆ ಸಾಹುಕಾರ. ಅವನ ಎದುರು ನಿಂತು ಒಂದು ಡೈಲಾಗ್ ಹೊಡೀತಾನೆ ನೋಡು: 'ಇದು ನೇಗಿಲು ಹಿಡಿದ ಕೈ ಸಾಹುಕಾರ್ರೇ, ಕೆನ್ನೆ ಮೇಲೂ ಸಾಲು ಹೊಡೆಯುತ್ತೆ!' ಮೈ ಜುಮ್ಮಂತು ನನಗೆ.

ನಾಗಮಣಿ: ಕೊನೆಗೆ ತಾಯಿಗೆ ಕಣ್ಣು ಬರುತ್ತೆ. ಸಾಹುಕಾರನ ಮಗಳಿಗೆ ತಾಳಿ ಕಟ್ತಾನೆ.

ಬದರಿನಾಥ: (ಬೆರಗಾಗಿ) ನಿನಗೆ ಹೆಂಗೆ ಗೊತ್ತಾಯ್ತು? ಅದನ್ನ ಟ್ರೇಲರಲ್ಲಿ ತೋರಿಸೇ ಇಲ್ಲ!

ನಾಗಮಣಿ: ಹೋದ ಪಿಕ್ಚರಲ್ಲೂ ಅದೇ ತಾನೆ?

ಬದರಿನಾಥ: ಹೋದ ಪಿಕ್ಚರಲ್ಲಿ ಕುರುಡಿ ಆಗಿದ್ದು ತಂಗಿ. ಗೊತ್ತಿಲ್ಲದ ವಿಷಯದಲ್ಲಿ ಬಾಯಿ ಹಾಕಬೇಡ.

ನಾಗಮಣಿ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ಇದು ಒಳ್ಳೆಯ ಸೂಚನೆಯಲ್ಲ ಎಂದು ಬದರಿನಾಥನಿಗೆ ಮದುವೆಯಾದ ವಾರದಲ್ಲೇ ತಿಳಿದಿತ್ತು. ಅವನು ಗಬಗಬನೆ ಉಳಿದದ್ದನ್ನು ಒದರಿದ.

ಬದರಿನಾಥ: ಆ ಪಿಕ್ಚರ್ ಇವತ್ತು ಇಲ್ಲಿಗೆ ಬಂದಿದೆ. ಬೆಂಗಳೂರಲ್ಲಾದ್ರೆ ಅವನ ಕಟೌಟಿಗೆ ಹಾಲು ಹುಯ್ಯೋಕೆ ಊರಿಗೂರೇ ನಿಂತಿರುತ್ತೆ. ಈ ಮದ್ರಾಸಲ್ಲಿ ಅವನಿಗೆ ಯಾರಿದಾರೆ ಹೇಳು? ವಾರಕ್ಕೊಂದೇ ಆಟ, ಅದೂ ಭಾನುವಾರ ಹತ್ತು ಗಂಟೆಗೆ, ದಿಕ್ಕಿಲ್ಲದವನ ಹಾಗೆ. ನನ್ನ ಕರುಳು ಚುರುಕ್ ಅಂತು. ಡಿಪೋದಿಂದ ನೇರ ಥಿಯೇಟರಿಗೆ ಹೋದೆ. ನಲವತ್ತಡಿ ಕಟೌಟು ನಿಂತಿತ್ತು...

ನಾಗಮಣಿ: (ನಿಧಾನವಾಗಿ) ಎರಡು ಬಾಟಲೂ?

ಬದರಿನಾಥ: ಎಡಗಾಲಿಗೊಂದು, ಬಲಗಾಲಿಗೊಂದು. ಒಂದೇ ಕಾಲಿಗೆ ಹಾಕಿದ್ರೆ ಇನ್ನೊಂದು ಕಾಲಿಗೆ ಅನ್ಯಾಯ ಆಗಲ್ವೇ?

ನಾಗಮಣಿ ಗೋಡೆಗೊರಗಿ ಕೂತಳು. ಒಲೆಯ ಪಕ್ಕದಲ್ಲಿ ತುಪ್ಪದಲ್ಲಿ ಹುರಿದ ಶಾವಿಗೆ ಘಮಘಮಿಸುತ್ತ ಬಾರದ ಹಾಲಿಗೆ ಕಾದಿತ್ತು. ಅಷ್ಟರಲ್ಲಿ ಮೆಟ್ಟಿಲಲ್ಲಿ ದಡದಡ ಸದ್ದಾಯಿತು. ಬಂದವನು ಕಾಂತಪ್ಪ. ಉಡುಪಿ ಕಡೆಯವನು, ಪ್ಯಾರೀಸ್ ಕಾರ್ನರಿನ ಸಸ್ಯಾಹಾರಿ ಹೋಟೆಲೊಂದರಲ್ಲಿ ಕ್ಯಾಷಿಯರ್, ಸುಧನ್ವಭಕ್ತಿಯಲ್ಲಿ ಬದರಿನಾಥನ ಜೊತೆಗಾರ. ಹತ್ತು ಗಂಟೆಯ ಆಟಕ್ಕೆ ಟಿಕೆಟ್ ತರಲು ಹೋಗಿದ್ದ.

ಕಾಂತಪ್ಪ: ಬದರಿಯಣ್ಣ, ಟಿಕೆಟ್ ಸಿಕ್ಕಿತು. ಆದರೆ ಅಲ್ಲಿ ಎಂತ ಗಲೀಜು ಮಾರಾಯ್ರೆ! ಯಾರೋ ಪುಣ್ಯಾತ್ಮ ಕಟೌಟಿನ ಕಾಲಿಗೆ ಹಾಲು ಹೊಯ್ದಿದ್ದಾನೆ. ನೊಣ ಅಂದ್ರೆ ನೊಣ.

ಬದರಿನಾಥ: (ಎದೆ ಉಬ್ಬಿಸಿ) ಆ ಪುಣ್ಯಾತ್ಮ ನಾನೇ ಕಣಯ್ಯ.

ಕಾಂತಪ್ಪ: ನೀವಾ? ಇಳಮಾರನ್ನಿಗಾ?

ಕೆಳಗೆ ಬಾವಿಯ ರಾಟೆ ಕಿರ್ರೆಂದಿತು.

ಬದರಿನಾಥ: ಯಾವ ಇಳಮಾರನ್?

ಕಾಂತಪ್ಪ: ಕಟೌಟಿನಲ್ಲಿ ಉಂಟಲ್ಲ, ಅವ. ಅದು ದಿನಾ ಮೂರು ಆಟ ಓಡುವ ತಮಿಳು ಪಿಕ್ಚರಿಂದು. ಮಾರ್ನಿಂಗ್ ಷೋದವರಿಗೆ ಕಟೌಟು ಎಂತದ್ದು? ಸೈಕಲ್ ಸ್ಟ್ಯಾಂಡಿನ ಗೋಡೆಗೆ ಒಂದು ಕಾಗದ ಅಂಟಿಸ್ತಾರೆ. ನಮ್ಮ ಸುಧನ್ವನ ಮೂಗಿಗೆ ಯಾರೋ ಸೈಕಲ್ ಒರಗಿಸಿದ್ದರು, ನಾನೇ ಸರಿಸಿ ಬಂದೆ.

ಬದರಿನಾಥ: ಸಾಧ್ಯವೇ ಇಲ್ಲ! ಬಿಳೀ ಬೂಟಿತ್ತು!

ಕಾಂತಪ್ಪ: ಮುಖ ನೋಡ್ಲಿಲ್ವಾ ನೀವು?

ಬದರಿನಾಥ: ಭಕ್ತನಾದವನು ಮುಖ ನೋಡ್ತಾನೇನಯ್ಯ? ಪಾದ ನೋಡ್ತಾನೆ! ಆ ಎತ್ತರದ ಕಟೌಟಿನ ಬುಡದಲ್ಲಿ ನಿಂತರೆ ಮಂಡಿಯಿಂದ ಮೇಲೆ ಬರೀ ಆಕಾಶ.

ಕಾಂತಪ್ಪ: ಬೂಟು ನಂಬಿ ಕೆಟ್ಟಿರಿ ಅಣ್ಣ. ಇಬ್ಬರಿಗೂ ಬೂಟು ಬರೋದು ಕೋಡಂಬಾಕಂನ ಒಂದೇ ಬಾಡಿಗೆ ಅಂಗಡಿಯಿಂದ. ಅಂಗಡಿಯವ ನಮ್ಮೂರಿನವನೇ. ಬೆಳಿಗ್ಗೆ ಕನ್ನಡದವನ ಕಾಲಿಗೆ, ಮಧ್ಯಾಹ್ನ ತಮಿಳಿನವನ ಕಾಲಿಗೆ. ನಮ್ಮ ಸುಧನ್ವನಿಗೆ ದೊಡ್ಡದಾಗ್ತದಂತೆ, ಮುಂದೆ ಹತ್ತಿ ತುರುಕಿಕೊಳ್ತಾನಂತೆ.

ಬದರಿನಾಥ: ಹತ್ತಿಯಾ? ಟ್ರೇಲರಲ್ಲಿ ಧೂಳೆಬ್ಬಿಸಿಕೊಂಡು ಬಂದ ಬೂಟಿನೊಳಗೆ ಹತ್ತಿಯಾ?

ಅವನಿಗೆ ಹಾಲು ಹೋದದ್ದಕ್ಕಿಂತ ಆ ಹತ್ತಿಯೇ ಹೆಚ್ಚು ನೋವು ಕೊಟ್ಟಿತು. ಆಮೇಲೆ, ಹೊಟ್ಟೆ ಕೆಟ್ಟವನೆಂದು ತಾನೇ ಹಂಗಿಸಿದ ನಟನ ಕಾಲಿಗೆ ಅಡ್ಡಬಿದ್ದು ಬಂದಿದ್ದೇನೆ ಎಂಬುದು ಮೆಲ್ಲಗೆ ತಲೆಗೆ ಇಳಿಯಿತು. ಹಣೆಗೆ ಅಂಟಿದ್ದ ಮಣ್ಣನ್ನು ಪಂಚೆಯ ತುದಿಯಿಂದ ಗಸಗಸ ಉಜ್ಜತೊಡಗಿದ.

ನಾಗಮಣಿ: ಉಜ್ಜಿ, ಚೆನ್ನಾಗಿ ಉಜ್ಜಿ. ದೇವರಿಗೂ ಇಲ್ಲ, ನೆಂಟರಿಗೂ ಇಲ್ಲ, ನಿಮ್ಮ ಹೀರೋಗೂ ಇಲ್ಲ. ಕಾಂತಪ್ಪ, ನಿಮ್ಮ ಹೋಟೆಲಿಂದ ಒಂದು ಚೊಂಬು ಹಾಲು ತರೋಕಾಗುತ್ತಾ?

ಕಾಂತಪ್ಪ: ಬಸ್ಸಿನಲ್ಲಿ ಹೋಗಿ ಬರುವಾಗ ಗಂಟೆ ಹತ್ತಾಗ್ತದೆ ಅಕ್ಕ. ಆಟ ಶುರುವಾಗ್ತದೆ.

ನಾಗಮಣಿ: ನಿನಗೂ ಆಟದ್ದೇ ಚಿಂತೆ! ಬೀದೀಲಿ ಚಾಪೆ ಹಾಸಿಕೊಂಡು ಕೂತಾಗ ಇಬ್ಬರೂ ಸೇರಿ ಟ್ರೇಲರ್ ತೋರಿಸಿ ನನಗೆ!

ಮೆಟ್ಟಿಲ ಮೇಲೆ ಮತ್ತೆ ಹೆಜ್ಜೆಯ ಸದ್ದು. ಈ ಸಲ ಭಾರವಾದ ಹೆಜ್ಜೆ. ಮುರಳೀಧರ ಹೇಳಿದ ಹೊತ್ತಿಗಿಂತ ಮೊದಲೇ ಬಂದಿದ್ದರು. ತಾತನ ಕಾಲಕ್ಕೇ ಮದರಾಸಿಗೆ ಬಂದ ಮನೆತನ. ಕನ್ನಡ ಮಾತಾಡಲು ಹೊರಟರೆ ತಮಿಳು ತಾನೇ ಮುಂದೆ ನುಗ್ಗುತ್ತಿತ್ತು. ಅವರ ಒಂದು ಕೈಯಲ್ಲಿ ಗುಲಾಬಿ ಹಾರ, ಇನ್ನೊಂದು ಕೈಯಲ್ಲಿ ಮುಚ್ಚಳದ ದೊಡ್ಡ ಕ್ಯಾನು. ಹಾರ ಕಂಡ ಬದರಿನಾಥ, ಬಾಡಿಗೆದಾರನನ್ನು ಕಳಿಸಿಕೊಡಲು ಇಷ್ಟು ಮರ್ಯಾದೆ ಯಾಕೆ ಎಂದು ಒಂದು ಹೆಜ್ಜೆ ಹಿಂದೆ ಸರಿದ.

ಮುರಳೀಧರ: ಎನ್ನ ಸಾರ್ ನೀವು! ನನಗೆ ಒಂದು ವಾರ್ತೆ ಸೊಲ್ಲಬಾರದಾ?

ಬದರಿನಾಥ: ಏ... ಏನು ಹೇಳಬೇಕಿತ್ತು?

ಮುರಳೀಧರ: ಕಾಲೈಲೆ, ಬೆಳಿಗ್ಗೆ, ಮನ್ರದ ಹುಡುಗರ ಜೊತೆ ತಲೈವರ್ಗೆ ಮಾಲೆ ಹಾಕೋಕೆ ಹೋಗಿದ್ದೆ. ಕಟೌಟ್ ಹಿಂದೆ ಕಂಬಕ್ಕೆ ಹಗ್ಗ ಕಟ್ತಾ ಇದ್ದೆ. ಮುಂದೆ ಯಾರೋ ಹಾಲು ಹಾಕೋ ಸದ್ದು. ಬಗ್ಗಿ ನೋಡಿದರೆ ನೀವು! ಎರಡು ಕಾಲಿಗೂ ಹಾಲು ಹಾಕಿ, ರೋಡ್ ಅಂತಾನೂ ನೋಡದೆ ಉದ್ದಕ್ಕೆ ಬಿದ್ದು ನಮಸ್ಕಾರ ಮಾಡ್ತಾ ಇದ್ರಿ. ಕಣ್ಣಲ್ಲಿ ನೀರು! ಇತ್ತಾ ಇಲ್ವಾ?

ಬದರಿನಾಥ: ಇತ್ತು... ಆದರೆ ಅದು...

ನಾಗಮಣಿ: (ಅಡ್ಡ ಬಂದು) ಪಶ್ಚಾತ್ತಾಪ ಅಣ್ಣ. ಅವತ್ತು ಥಿಯೇಟರಲ್ಲಿ ಹಾಗಂದ್ನಲ್ಲಾ ಅಂತ ರಾತ್ರಿಯೆಲ್ಲ ಹೊರಳಾಡಿದ್ರು.

ಮುರಳೀಧರ: ಗೊತ್ತಮ್ಮಾ, ಗೊತ್ತು! ನಾನು ಪಾವಿ, ಇಂಥ ಮನುಷ್ಯನ್ನ ಮನೆ ಖಾಲಿ ಮಾಡು ಅಂದೆ. ನಮ್ಮ ಹುಡುಗರು ಹೇಳಿದರು, ಇವರು ಹಾಕಿದ ಮೇಲೆ ನಾವು ಹಾಕೋದು ಬೇಡ, ಮನ್ರದ ಹಾಲು ಇವರ ಮನೆಗೇ ಹೋಗಲಿ ಅಂತ. ಪಿಡಿಯಮ್ಮಾ, ಹಿಡ್ಕೋ.

ನಾಗಮಣಿ ಕ್ಯಾನನ್ನು ಎರಡೂ ಕೈ ಚಾಚಿ ಈಸಿಕೊಂಡಳು. ಬೆಳಗಿನಿಂದ ಕಾದಿದ್ದ ಶಾವಿಗೆಗೆ ಕೊನೆಗೂ ಮುಕ್ತಿ ಸಿಕ್ಕಿತು. ಮುರಳೀಧರರು ಹಾರವನ್ನು ಬದರಿನಾಥನ ಕೊರಳಿಗೆ ಹಾಕಿ, ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

ಮುರಳೀಧರ: ನನಗೆ ಒಂದೇ ಆಸೆ ಸಾರ್. ನಿಮ್ಮ ಬಾಯಿಂದ ಒಂದು ಸಲ, ತಲೈವರ್ ಇಳಮಾರನ್ಗೆ ಜೈ ಅನ್ನಿ.

ಬದರಿನಾಥ ಕೊರಳಿನ ಹಾರವನ್ನು ಸಡಿಲಿಸಿಕೊಂಡ. ಸೈಕಲ್ ಸ್ಟ್ಯಾಂಡಿನ ಗೋಡೆಯ ಮೇಲೆ, ಮೂಗಿಗೆ ಪೆಡಲ್ ತಾಗಿಸಿಕೊಂಡ ಸುಧನ್ವಕುಮಾರ ಅವನನ್ನೇ ನೋಡುತ್ತಿದ್ದ. ಅಡುಗೆಮನೆಯ ಬಾಗಿಲಿಂದ ನಾಗಮಣಿ, ಸೌಟು ಹಿಡಿದುಕೊಂಡು ನೋಡುತ್ತಿದ್ದಳು. ಕಾಂತಪ್ಪ ಸೂರು ನೋಡುತ್ತಿದ್ದ.

ಬದರಿನಾಥ: (ಎದ್ದು ನಿಂತು, ಕಣ್ಣು ಮುಚ್ಚಿ) ಆ... ಆ ಬಿಳೀ ಬೂಟುಗಳಿಗೆ ಜೈ!

ಕಾಂತಪ್ಪನಿಗೆ ಕೆಮ್ಮು ಬಂತು. ಮುರಳೀಧರರ ಕಣ್ಣು ಒದ್ದೆಯಾಯಿತು.

ಮುರಳೀಧರ: ನೋಡಮ್ಮಾ, ನೋಡು! ಹೆಸರು ಹೇಳೋಕೂ ಯೋಗ್ಯತೆ ಇಲ್ಲ ಅಂತ ಬರೀ ಪಾದಕ್ಕೆ ನಿಲ್ಲಿಸಿದರು. ನಾನು ಅಧ್ಯಕ್ಷ ಆಗಿ ಏನು ಪ್ರಯೋಜನ, ಇಂಥ ಭಕ್ತಿ ನನಗೆ ಬರಲಿಲ್ಲ. ಸಾರ್, ಇನ್ನು ಮನೆ ಬಿಡೋ ಮಾತೇ ಇಲ್ಲ. ತಲೈವರ್ ಪಡ ಎಲ್ಲಿವರೆಗೆ ಓಡುತ್ತೋ, ಅಲ್ಲಿವರೆಗೆ ನೀವು ಇಲ್ಲೇ!

ಪಾಯಸ ಬಂತು, ಕಾಫಿ ಬಂತು. ಲೋಟ ಕೆಳಗಿಟ್ಟ ಮುರಳೀಧರರು, ಇಷ್ಟು ದೊಡ್ಡ ಭಕ್ತನಿಗೆ ಹೇಳದೆ ಇನ್ಯಾರಿಗೆ ಹೇಳಲಿ ಎಂದು, ಇಳಮಾರನ್ನಿನ ಮುಂದಿನ ಚಿತ್ರದ ಟ್ರೇಲರ್ ಕಥೆ ಶುರುಮಾಡಿದರು.

ಮುರಳೀಧರ: ಮೊದಲು ಮುಖಾನೇ ತೋರಿಸಲ್ಲ ಸಾರ್. ಬರೀ ಕಾಲು!

ನಾಗಮಣಿ: ಬಿಳೀ ಬೂಟಾ ಅಣ್ಣ?

ಮುರಳೀಧರ: ಅದೇ ಅಮ್ಮಾ! ನೀನೂ ನೋಡಿದೀಯಾ? ಕ್ಯಾಮರಾ ಮೇಲೆ ಹೋದರೆ ಹೆಗಲ ಮೇಲೆ ಬಲೆ! ಮೀನುಗಾರ! ಆಮೇಲೆ ಅಮ್ಮ ಬರ್ತಾಳೆ. ಪಾವಂ, ಅವಳಿಗೆ ಕಣ್ಣು...

ನಾಗಮಣಿ: ಅಯ್ಯೋ ಪಾಪ, ಕುರುಡಿಯಾ!

ಗೋಡೆ ಗಡಿಯಾರ ಹತ್ತು ಹೊಡೆಯಿತು. ಕಾಂತಪ್ಪ ಜೇಬಿನ ಟಿಕೆಟ್ ಮುಟ್ಟಿ ನೋಡಿಕೊಂಡು, ಬಾಗಿಲ ಕಡೆ ಜರುಗಿ, ಮೆಟ್ಟಿಲಿಳಿದು ಓಡಿದ. ಬದರಿನಾಥ ಕೊರಳಲ್ಲಿ ಹಾರ ಹೊತ್ತು ಮದುಮಗನ ಹಾಗೆ ಕೂತೇ ಇದ್ದ. ಟ್ರೇಲರ್ ಇಂಟರ್ವಲ್ ತನಕ ಬಂದಿತ್ತು. ಸಾಹುಕಾರನ ಕೆನ್ನೆಗೆ ಏಟು ಬಿದ್ದು, ಕುರುಡಿ ತಾಯಿಗೆ ಕಣ್ಣು ಬಂದು, ಮುರಳೀಧರರು ಕಣ್ಣೊರೆಸಿಕೊಂಡು ಕೆಳಗಿಳಿಯುವ ಹೊತ್ತಿಗೆ ಬೆಳಗಿನ ಆಟ ಮುಗಿಯುತ್ತಲೇ ಬಂದಿತ್ತು.

ಬದರಿನಾಥ ಹಾರ ತೆಗೆದು ಮೊಳೆಗೆ ಸಿಕ್ಕಿಸಿದ.

ಬದರಿನಾಥ: ನಾಗೂ, ಅವನ ಪಿಕ್ಚರ್ ಓಡೋ ತನಕ ಇಲ್ಲೇ ಇರಿ ಅಂದ್ನಲ್ಲ. ಅಕಸ್ಮಾತ್ ಓಡದೇ ಹೋದ್ರೆ?

ನಾಗಮಣಿ: ಹಾಗೆಲ್ಲ ಅಪಶಕುನ ನುಡೀಬೇಡಿ.

ಬದರಿನಾಥ: ಮೀನುಗಾರನ ಕಥೆ ಚೆನ್ನಾಗೇ ಇದೆ ಅಲ್ವಾ? ಆ ಡೈಲಾಗೂ ಪರವಾಗಿಲ್ಲ. ಆದರೂ ಒಂದು ಮಾತು, ಆ ಇಳಮಾರನ್ ಓಡೋದು ನೋಡಿದ್ರೆ...

ನಾಗಮಣಿ: (ಪಾಯಸದ ಬಟ್ಟಲು ಕೈಗಿಡುತ್ತ) ಹೊಟ್ಟೆ ಕೆಟ್ಟಿದ್ರೂ ಓಡಲಿ ಬಿಡ್ರೀ. ಅವನು ನಿಂತ ದಿನ ನಾವು ಓಡಬೇಕಾಗುತ್ತೆ.