ಕುಮಾರಿ ನಂಬರ್ ಏಳು, ಶ್ರೀಮತಿ ನಂಬರ್ ಏಳು

ಬ್ಯಾರೇದವರು ಸ್ಟೇಜ್ ಹತ್ತಿದ್ರ ಕೊರಳಾಗ ಹಾರ ಬೀಳತಾವ. ನಾ ಹತ್ತಿದ್ರ ನಮ್ಮ ಮನಿ ಪೈಕಿ ಯಾರರ ಒಬ್ರು ಕಣ್ಣಿಗೆ ಬೀಳತಾರ. ಲಗ್ನಕ್ಕ ಮೊದಲು ಒಂದು ಸಲ, ಲಗ್ನ ಆದ ಮ್ಯಾಲ ಒಂದು ಸಲ ಸೌಂದರ್ಯ ಸ್ಪರ್ಧಾಕ್ಕ ಹೋಗೀನಿ. ಎರಡೂ ಸಲ ಹಂಗ ಆತು.

೧. ಮೈಕಿನ ಕಾಕಾ

ಗೋಕಾಕದಾಗ ಡಿಗ್ರಿ ಕಡೀ ವರ್ಷ ಓದಾಕತ್ತಿದ್ದೆ. ಕುಮಾರಿಯರ ಸೌಂದರ್ಯ ಸ್ಪರ್ಧಾಕ್ಕ ಗೆಳತಿ ನನ್ನ ಹೆಸರು ಬರಸಿಬಿಟ್ಲು. ಮನ್ಯಾಗ ಭಾಷಣ ಸ್ಪರ್ಧಾ ಅಂತ ಹೇಳಿದೆ. ಖರೆ ಗೊತ್ತಾಗಿದ್ರ ಅಪ್ಪ ಅವತ್ತ ಕಾಲೇಜ್ ಬಿಡಸ್ತಿದ್ದ.

ಸೀರಿಗೆ ಏಳನೇ ನಂಬರಿನ ಚೀಟಿ ಚುಚ್ಚಿಕೊಂಡು ಸ್ಟೇಜ್ ಮ್ಯಾಲ ಕಾಲಿಟ್ಟೆ. ಬಾಜೂಕ ಮೈಕ್‌ಸೆಟ್ ಮುಂದ ನಮ್ಮ ಸ್ವಂತ ಕಾಕಾ, ಅಪ್ಪನ ತಮ್ಮ, ಕುಂತಾನ. ಮೈಕ್‌ಸೆಟ್ ಬಾಡಿಗಿ ಕೊಡೋದ ಅವನ ಉದ್ಯೋಗ. ಅದು ನನಗ ನೆನಪ ಆಗಿರಲಿಲ್ಲ.

ಹಿಂದ ಹೋಗೂಣು ಅಂದ್ರ ಎಂಟನೇದಾಕಿ ಬೆನ್ನಿಗೆ ಹತ್ತಿ ನಿಂತಾಳ. ಆದದ್ದು ಆಗಲಿ ಅಂತ ನಡದೆ. ಸ್ಟೇಜಿನ ತುದಿಗೆ ಹೋಗಿ ನಿಂತು, ನಡಕ್ಕ ಕೈ ಇಟ್ಟು, ಒಂದು ಸುತ್ತ ತಿರುಗಿದೆ. ಹದಿನೈದು ದಿನ ಗೆಳತಿ ಮನಿ ಮಾಳಗಿ ಮ್ಯಾಲ ಕಲ್ತ ತಿರುಗುವಿಕಿ ಅದು. ಆಮ್ಯಾಲ ನಿರ್ಣಾಯಕರು ಹೆಸರು ಕೇಳಿದ್ರು, ಲಗ್ನ ಆದ ಮ್ಯಾಲ ಇದನ್ನೆಲ್ಲ ಬಿಡ್ತೀರೇನು ಅಂತ ಕೇಳಿದ್ರು. ಎರಡು ಮಿನಿಟ್ ಚೊಲೋ ಉತ್ತರ ಕೊಟ್ಟೆ. ಒಂದಕ್ಷರ ಯಾರಿಗೂ ಕೇಳಲಿಲ್ಲ. ಬಹುಮಾನನೂ ಬರಲಿಲ್ಲ.

ಇಳದು ಬಂದು, "ಕಾಕಾ, ಅಪ್ಪಗ ಹೇಳತೀಯೇನು?" ಅಂದೆ.

"ಏನಂತ ಹೇಳಲಿ? ನೀ ಭಾಷಣ ಮಾಡಾಕ ಬಂದಿದ್ದಿ, ಮೈಕ್ ಕೈ ಕೊಟ್ಟಿತು," ಅಂದ. "ಮನೆತನದ ಹೆಸರು ಊರಿಗೆಲ್ಲ ಕೇಳಬಾರದು ಅಂತ ನಾನ ಬಂದ್ ಮಾಡಿದ್ದೆ."

೨. ನಡದು ತೋರಸು

ಆರು ತಿಂಗಳಿಗೆ ಮೂಡಲಗಿಯವರು ನನ್ನ ನೋಡಾಕ ಬಂದ್ರು. ಹುಡುಗಂದು ಮೋಟರ್ ರಿಪೇರಿ ಅಂಗಡಿ, ಮನೆತನ ಚೊಲೋ. ಹುಡುಗನ ಅವ್ವ ಮಾತ್ರ ಭಾಳ ಕಡಕ್, ಮಾತಾಡೂದಿಲ್ಲ, ಬರೇ 'ಹೂಂ' ಅಂತಾಳ, ಆ ಹೂಂ ಕೇಳಿದ್ರ ಗಂಡಸರೂ ಎದ್ದು ನಿಂದರತಾರ ಅಂತ ಮಧ್ಯಸ್ತರು ಮೊದಲ ಹೇಳಿದ್ದರು. ನಮ್ಮವ್ವ ಅವಲಕ್ಕಿ ತಾಟ ಹಿಡಕೊಂಡು ನಿಂತಾಕಿ ಕೂಡ್ರಲೇ ಇಲ್ಲ.

ಹುಡುಗನ ಅವ್ವ ನನ್ನ ಮ್ಯಾಲಿಂದ ಕೆಳತನಕ ನೋಡಿ, "ಒಂದೀಟು ನಡದು ತೋರಸವ್ವ," ಅಂದ್ಲು.

ನಡದೆ. ಬಾಗಲ ತನಕ ಹೋದೆ. ಕಾಲು ತಾನ ನಿಂತು, ಕೈ ತಾನ ನಡಕ್ಕ ಹೋತು, ಗರ್ರನ ಒಂದು ಸುತ್ತ ತಿರುಗಿಬಿಟ್ಟೆ.

ಅಪ್ಪ ನನ್ನ ನೋಡಿದ, ಕಾಕಾ ಮ್ಯಾಲಿನ ಫ್ಯಾನ್ ನೋಡಿದ.

"ಯಾಕ ತಿರುಗಿದಿ?" ಅಂತ ಆಕಿ ಕೇಳಿದ್ಲು.

"ಬಾಗಲಾ ಬಂತ್ರಿ," ಅಂದೆ.

"ಹೂಂ."

ಹೋತು, ಸಂಬಂಧ ಮುರೀತು ಅಂದ್ಕೊಂಡೆ. ಮುಂದಿನ ವಾರ ಒಪ್ಪಿಗಿ ಅಂತ ಹೇಳಿ ಕಳಿಸಿದ್ರು. ಬಾಗಲಾ ಬಂದಲ್ಲೆಲ್ಲ ತಿರುಗೂ ಸೊಸಿ ಅವರಿಗ್ಯಾಕ ಬೇಕಾಗಿತ್ತು ಅಂತ ಅಪ್ಪ ಇವತ್ತಿಗೂ ಕೇಳತಾನ.

೩. ನಡುವ ಅತ್ತಿ

ಲಗ್ನ ಆಗಿ ನಾಲ್ಕು ವರ್ಷ ಆತು. ಮೂಡಲಗಿಯಾಗ ಅತ್ತಿ ಮನಿಯ ಮುಂದಿನ ಖೋಲ್ಯಾಗ ಹೊಲಿಗಿ ಮಷೀನ್ ಇಟ್ಟು ಸೀರಿಗೆ ಹಾಕೂ ಜಂಪರ್ ಹೊಲೀತಿದ್ದೆ. ನನ್ನ ಉಪಜೀವನ, ನನ್ನ ಧಿಮಾಕು, ಎಲ್ಲಾ ಆ ಮಷೀನ. ಹುಕ್ಕೇರಿಯಾಗ ಶ್ರೀಮತಿಯರಿಗೆ ಸೌಂದರ್ಯ ಸ್ಪರ್ಧಾ ಐತಿ ಅಂತ ಗಿರಾಕಿ ಒಬ್ಬಾಕಿ ಹೇಳಿದ್ಲು. ಗೋಕಾಕದಾಗ ಸೋತ ಸಿಟ್ಟು ನನಗಿನ್ನೂ ಆರಿರಲಿಲ್ಲ.

ನಮ್ಮ ಮನಿಯವರಿಗೆ ಹೇಳಿದ್ರ ಮಾರಿ ಬಿಳಚಿಕೊಂಡ್ರು. "ಅವ್ವಗ ಗೊತ್ತಾತಂದ್ರ ಮಷೀನ್ ನಿನ್ನ ತವರಮನಿಗೆ ಹೋಗತೈತಿ. ಅದರ ಹಿಂದ ನೀನೂ ಹೋಗತಿ. ನನಗ ರೊಟ್ಟಿ ಬಡಿಯಾಕ ಬರೂದಿಲ್ಲ, ನಾನೂ ಬರಬೇಕಾಗತೈತಿ."

ಕುಮಾರಿ ಇದ್ದಾಗ ಲಗ್ನ ಆಗಿಲ್ಲ ಅನ್ನೋದಕ್ಕ ಯಾರೂ ಪುರಾವೆ ಕೇಳಿರಲಿಲ್ಲ. ಶ್ರೀಮತಿ ಆದ್ರ ಗಂಡನ ಒಪ್ಪಿಗಿ ಚೀಟಿ ಬೇಕು, ಲಗ್ನದ ಫೋಟೋ ಬೇಕು. ಚೀಟಿ ಇವರು ಅಂಜಿಕೋತ ಬರದು ಕೊಟ್ರು. ಅಲ್ಬಮ್ ಅತ್ತಿ ಟ್ರಂಕಿನ್ಯಾಗ, ಟ್ರಂಕಿನ ಕೀಲಿ ಅತ್ತಿ ಸೊಂಟದ ಚೀಲದಾಗ. ಮಧ್ಯಾಹ್ನ ಅತ್ತಿ ಮಲಗಿದಾಗ ಇವರು ಎರಡು ಬೆರಳಿಲೆ ಕೀಲಿ ಎಳದ್ರು, ನಾ ಬಾಗಲಾ ಕಾದೆ. ಅತ್ತಿ ಒಮ್ಮೆ ಮಗ್ಗಲ ಬದಲಿಸಿದ್ಲು. ಇವರು ಅಲ್ಲೇ ನೆಲಕ್ಕ ಕುಂತುಬಿಟ್ರು.

ಅಲ್ಬಮ್ ತಗದು ನೋಡಿದ್ರ ನಾವಿಬ್ಬರ ಇರೂ ಫೋಟೋ ಒಂದೂ ಇಲ್ಲ. ಅಕ್ಕಿಕಾಳು ಹಾಕೂದ್ರಾಗ ನಡುವ ಅತ್ತಿ, ಊಟದಾಗ ನಡುವ ಅತ್ತಿ. ಸಿಕ್ಕದ್ದೊಂದು ಒಯ್ದು ಕೊಟ್ಟೆ. ಅರ್ಜಿ ತಗೊಳಾಕ ಕುಂತಾಕಿ ಭಾಳ ಹೊತ್ತು ನೋಡಿದ್ಲು.

"ಫೋಟೋ ಸರಿ ಐತ್ರಿ," ಅಂದ್ಲು. "ಖರೆ ಈ ಮೂವರಾಗ ಲಗ್ನ ಯಾರಿಬ್ಬರದ್ರಿ?"

೪. ಹುಕ್ಕೇರಿ ಉಡಿ

ಘೋಡಗೇರ್ಯಾಗ ಗೆಳತಿ ಮಗಂದು ಹೆಸರಿಡೂ ತೊಟ್ಟಲಾ ಐತಿ, ಹೋಗಿ ಬರತೀವ್ರಿ ಅಂತ ಅತ್ತಿಗೆ ಹೇಳಿದೆ. "ಹೂಂ" ಅಂದ್ಲು. ಆ ಹೂಂ ಹುಕ್ಕೇರಿ ತನಕ ಬಸ್ಸಿನ್ಯಾಗ ನನ್ನ ಕೂಡ ಬಂತು.

ಈ ಸಲನೂ ನಂಬರ್ ಏಳ ಬಂತು. ಸ್ಟೇಜ್ ಹಿಂದ ಸಾಲಾಗಿ ನಿಂತಿದ್ವಿ. "ಮುತ್ತೈದೇರು ಅದೀರಿ, ಮೊದಲು ಉಡಿ ತುಂಬತೀವಿ. ಊರಿನ ಹಿರೇ ಮಗಳನ್ನ ಕರಿಸೀವಿ," ಅಂದ್ರು ನಡಸೂ ಮಂದಿ. ಎಲ್ಲಾರೂ ಸೆರಗ ಒಡ್ಡಿದ್ವಿ. ಅಕ್ಕಿ, ಖಣ, ತೆಂಗಿನಕಾಯಿ ಇದ್ದ ಬುಟ್ಟಿ ಹಿಡಕೊಂಡು ಬಂದಾಕಿ ನಮ್ಮತ್ತಿ. ನಮ್ಮ ಹಿಂದಿನ ಬಸ್ಸಿಗೆ ಬಂದಿರಬೇಕು. ಹುಕ್ಕೇರಿ ಆಕಿ ತವರೂರು. ಅದೂ ನನಗ ನೆನಪ ಆಗಿರಲಿಲ್ಲ.

ಒಂದನೇದಾಕಿಗೆ ಕುಂಕುಮ ಹಚ್ಚಿದ್ಲು. ಎರಡನೇದಾಕಿಗೆ ಹಚ್ಚಿದ್ಲು. ಬಾಗಲದಾಗ ನಿಂತಿದ್ದ ನಮ್ಮ ಮನಿಯವರು ಅವ್ವನ್ನ ನೋಡಿದವರು ಮತ್ತ ಅಲ್ಲಿ ಕಾಣಲಿಲ್ಲ. ಐದು, ಆರು, ಆಮ್ಯಾಲ ನಾನು. ಅತ್ತಿ ಕುಂಕುಮ ಹಚ್ಚಿ, ಅಕ್ಕಿ ಹಾಕಿ, ಮ್ಯಾಲ ತೆಂಗಿನಕಾಯಿ ಇಟ್ಲು.

"ತೊಟ್ಟಲಾ ಮುಗೀತೇನು?"

"ಹೂಂ," ಅಂದೆ ನಾ.

"ಅಕ್ಕಿ ಒಂದು ಕಾಳು ಚೆಲ್ಲಬ್ಯಾಡ," ಅಂದು ಎಂಟನೇದಾಕಿ ಕಡೆ ಹೋದ್ಲು.

ಉಳಿದವರೆಲ್ಲ ಉಡಿ ಬಿಚ್ಚಿ ಚೀಲಕ್ಕ ಸುರುವಿಕೊಂಡ್ರು. ನನಗ ಅಷ್ಟು ಧೈರ್ಯ ಎಲ್ಲಿಂದ ಬರಬೇಕು? ಹೊಟ್ಟಿ ಮುಂದ ಗಂಟು ಕಟ್ಟಿಕೊಂಡು, ಎರಡೂ ಕೈಲೆ ಹಿಡಕೊಂಡು ಸ್ಟೇಜಿಗೆ ಹೋದೆ. ಮುಂದಿನ ಸಾಲಿನ್ಯಾಗ ಅತ್ತಿ ಕುಂತಾಳ. ನಿರ್ಣಾಯಕಿ ಗಾಬರಿಯಾಗಿ ಕುರ್ಚಿ ತರಿಸಿದ್ಲು. "ಕೂಡ್ರಿ ಅಕ್ಕಾರ, ಎಷ್ಟನೇ ತಿಂಗಳಾಗ ಅದೀರಿ?"

"ತೆಂಗಿನಕಾಯಿ ಐತ್ರಿ," ಅಂದೆ. ಮೈಕ್ ಈ ಸಲ ಚೊಲೋ ಇತ್ತು. ಇಡೀ ಮಂದಿ ನಕ್ಕಿತು.

ತುದಿಗೆ ಹೋದೆ. ತಿರುಗಿದ್ರ ಅಕ್ಕಿ ಚೆಲ್ಲತೈತಿ ಅಂತ ಹಿಂದಹಿಂದಕ ಸರಿಯಾಕತ್ತೆ. ಆವಾಗ ಮುಂದಿನ ಸಾಲಿನಿಂದ ಅತ್ತಿ ಧ್ವನಿ ಬಂತು.

"ಯಾಕ ತಿರುಗಲಿಲ್ಲ? ಬಾಗಲಾ ಬರಲಿಲ್ಲೇನು?"

ತಿರುಗಿಬಿಟ್ಟೆ. ಅಕ್ಕಿ ಚೆಲ್ಲಿತು, ಕಾಯಿ ಉರುಳಿ ನಿರ್ಣಾಯಕರ ಟೇಬಲ್ ಕೆಳಗ ಹೋತು. ಬಹುಮಾನ ಈ ಸಲನೂ ಇಲ್ಲ.

ವಾಪಸ್ ಬರೂವಾಗ ಬಸ್ಸಿನ್ಯಾಗ ಅತ್ತಿ ಬಾಜೂಕ ಕುಂತೆ. ಮುಂದಿನ ಸೀಟಿನ್ಯಾಗ ನಮ್ಮ ಮನಿಯವರು, ಕಿವಿ ಎಲ್ಲಾ ನಮ್ಮ ಕಡೆ. ನಾನ ಕೇಳಿದೆ. "ಅತ್ತಿ, ಮಷೀನ್ ತವರಮನಿಗೆ ಕಳಸತೀರೇನ್ರಿ?"

"ಯಾಕ? ನನ್ನ ಜಂಪರ್ ಯಾರು ಹೊಲೀತಾರ?" ಅಂದ್ಲು. ಆಮ್ಯಾಲ ಟಿಕೀಟ್ ಸೊಂಟದ ಚೀಲಕ್ಕ ಹಾಕಿಕೋತ ಹೇಳಿದ್ಲು, "ಗೋಕಾಕದಾಗೂ ನೋಡೀನಿ ನಿನ್ನ. ನಮ್ಮಕ್ಕನ ಮೊಮ್ಮಗಳು ಹತ್ತನೇ ನಂಬರ್ ಇದ್ಲು, ಆಕಿ ಕೂಡ ಬಂದಿದ್ದೆ. ಏಳನೇದಾಕಿ ಭಾಳ ಚಂದ ತಿರುಗಿದ್ಲು. ಆಕೀನ ಹೌದೋ ಅಲ್ಲೋ ಅಂತ ಖಾತ್ರಿ ಮಾಡಿಕೊಳ್ಳಾಕ ನಿಮ್ಮ ಮನ್ಯಾಗ ನಡದು ತೋರಸು ಅಂದೆ."

ನನಗ ಕಣ್ಣಾಗ ನೀರು ಬಂದ್ವು. ಅತ್ತಿ ಮುಂದಿನ ಸೀಟಿನ್ಯಾಗ ಕುಂತ ಮಗನ್ನ ತೋರಿಸಿದ್ಲು.

"ಅವತ್ತ ನಿನಗ ಏನೂ ಕೊಡಲಿಲ್ಲ ಅವರು. ಪಾಪ ಅನಿಸ್ತು. ಅದಕ್ಕ ಇವನ್ನ ಕೊಟ್ಟೆ. ಸಮಾಧಾನಕರ ಬಹುಮಾನ ಅಂತ ತಿಳ್ಕೊ."