ಹಾಳಾಗಿಲ್ಲ, ಆನ್ ಆಗುವುದಿಲ್ಲ ಅಷ್ಟೇ

ಹಾಳಾದ ಸಾಮಾನು ಕೇಳಿಕೊಂಡು ಮನೆ ಮನೆ ತಿರುಗುವ ಕೆಲಸ ಹಿಡಿದು ನೋಡಿ, ನಗುವುದಕ್ಕೆ ಬೇರೆ ಏನೂ ಬೇಡ. ಒಂದು ನಗು ಸುಧಾರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ.

ನಾನು ಬಂಟ್ವಾಳದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾಗಿದ್ದವಳು. ನಿವೃತ್ತಿಯಾದ ಮೇಲೆ ಮೂಡುಬಿದಿರೆ ಹತ್ತಿರದ ಪುತ್ತಿಗೆಯ ಮನೆಯಲ್ಲಿ ಸುಮ್ಮನೆ ಕೂರುವುದು ನನ್ನಿಂದಾಗಲಿಲ್ಲ. ಮನೆಯವರಿಗೂ ನಾನು ಕೂತರೆ ಕಷ್ಟವೇ, ಕೂತಲ್ಲಿಂದಲೇ ಎಲ್ಲರಿಗೂ ಪಾಠ ಶುರು ಮಾಡುತ್ತೇನೆ. ಆಗ ಸಿಕ್ಕಿದವನು ನನ್ನ ಹಳೆಯ ಶಿಷ್ಯ. ಬಂಟ್ವಾಳದಲ್ಲಿ ಅವನದೊಂದು ಮೊಬೈಲ್ ರಿಪೇರಿ ಅಂಗಡಿ. ಕ್ಲಾಸಿನಲ್ಲಿ ಹೆಸರು ಕರೆದರೂ ಬಾಯಿ ಬಿಡದಿದ್ದ ಹುಡುಗ, ಈಗ ಬಾಯಿ ಮುಚ್ಚುವುದಿಲ್ಲ. ಅಂಗಡಿಯ ಹಿಂದೆ ರಾಶಿ ಬಿದ್ದಿದ್ದ ಸತ್ತ ಮೊಬೈಲುಗಳನ್ನು ನೋಡಿ ನಾನು, "ಇದರಲ್ಲಿ ಎಷ್ಟು ಮೋಟಾರು ಉಂಟು ಮಾರಾಯ! ಮಕ್ಕಳಿಗೆ ಆಟಿಕೆ ಮಾಡುವ" ಎಂದೆ. "ಮಾಡುವ ಟೀಚರೇ" ಎಂದ. ಅಷ್ಟರಲ್ಲೇ ನಮ್ಮ ಮಾತುಕತೆ ಮುಗಿದಿತ್ತು. ಅವನ ಹಳೆಯ ವ್ಯಾನು ಮೂರು ತಾಲೂಕು ಸುತ್ತಲು ಶುರುಮಾಡಿತು.

ಮಕ್ಕಳು ಇದ್ದದ್ದು ಬೆಳ್ತಂಗಡಿ ತಾಲೂಕಿನಲ್ಲಿ, ಅಳದಂಗಡಿಯಿಂದ ಒಳಗೆ ಒಂದು ಕಾಲನಿಯ ಸರಕಾರಿ ಶಾಲೆಯಲ್ಲಿ. ತಾಯಂದಿರು ಬೀಡಿ ಕಟ್ಟುವವರು, ತಂದೆಯಂದಿರು ಕೂಲಿಗೆ ಹೋಗುವವರು. ಬ್ಯಾಟರಿ ಹಾಕಿ ಓಡಿಸುವ ಆಟಿಕೆಯನ್ನು ಆ ಮಕ್ಕಳು ಅಂಗಡಿಯ ಗಾಜಿನ ಆಚೆ ಮಾತ್ರ ಕಂಡಿದ್ದರು. ಹೆಡ್ ಟೀಚರ್ ಅಲ್ಲಿ ನಮಗೊಂದು ಖಾಲಿ ಕೋಣೆ ಬಿಟ್ಟುಕೊಟ್ಟರು, ಅದೂ ಬಾಯಿಮಾತಿನಲ್ಲಿ. "ಆದರೆ ಟೀಚರೇ, ಈ ಕೋಣೆಯಲ್ಲಿ ಹಳೇ ಬೆಂಚು ತುಂಬಿಸಿ ಬೀಗ ಹಾಕುವ ಯೋಚನೆ ಇಲಾಖೆಗೆ ಉಂಟು. ಸಾಹೇಬರು ಯಾವ ದಿನ ನೋಡ್ಲಿಕ್ಕೆ ಬರ್ತಾರೋ ಹೇಳ್ಲಿಕ್ಕಾಗುವುದಿಲ್ಲ" ಎಂದು ಮೊದಲೇ ಹೇಳಿಬಿಟ್ಟರು. ಕೋಣೆ ಹೋದರೆ ಎಲ್ಲವೂ ಹೋಯಿತು. ಮುಂದೆ ಹೇಳುವ ಎಲ್ಲ ನಗುವಿನ ಜೊತೆಗೆ ನನಗೆ ಆ ಹೆದರಿಕೆಯೂ ಇತ್ತೆಂದು ತಿಳಿದುಕೊಳ್ಳಿ.

ಟಿವಿಯ ದಿಬ್ಬಣ

ನಮ್ಮ ಊರಿನಲ್ಲಿ ಯಾರ ಮನೆಯಲ್ಲೂ ಯಾವ ಸಾಮಾನೂ ಹಾಳಾಗುವುದಿಲ್ಲ. ಇದು ನಾನು ಕಲಿತ ಮೊದಲ ಪಾಠ. ಮಿಜಾರಿನ ಒಂದು ಮನೆಯಲ್ಲಿ "ಹಾಳಾದ ಟಿವಿ ಉಂಟಂತಲ್ಲ, ಕೊಡ್ತೀರಾ?" ಎಂದು ಕೇಳಿದರೆ, ಯಜಮಾನರಿಗೆ ಸಿಟ್ಟೇ ಬಂತು.

"ಹಾಳಾದ್ದು ಅಂತ ಯಾರು ಹೇಳಿದ್ದು? ಹಾಳಾಗಿಲ್ಲ, ಆನ್ ಆಗುವುದಿಲ್ಲ ಅಷ್ಟೇ."

ಟಿವಿಯ ಮೇಲೆ ಕಳೆದ ಆಯುಧಪೂಜೆಯ ಕುಂಕುಮ, ಒಣಗಿದ ಸೇವಂತಿಗೆ ಇನ್ನೂ ಹಾಗೆಯೇ ಇತ್ತು. ಆನ್ ಆಗದಿದ್ದರೂ ವರ್ಷ ವರ್ಷ ಪೂಜೆ ತಪ್ಪಿರಲಿಲ್ಲ. ಯಜಮಾನರು ನಮ್ಮನ್ನು ಕೂರಿಸಿ, ಬೆಲ್ಲ ನೀರು ಕೊಟ್ಟು, ವಿಚಾರಣೆ ಶುರು ಮಾಡಿದರು. ಎಲ್ಲಿಗೆ ಕೊಂಡು ಹೋಗುವುದು? ಅಲ್ಲಿ ಮಳೆ ನೀರು ಸೋರುವುದಿಲ್ಲವಲ್ಲ? ಮಕ್ಕಳು ಒಳ್ಳೆಯವರಾ? ಮಗಳನ್ನು ಕೊಡುವಾಗಲೂ ಅವರು ಇಷ್ಟು ಕೇಳಿರಲಿಲ್ಲ ಎಂದು ಒಳಗಿನಿಂದ ಅವರ ಹೆಂಡತಿಯ ದನಿ ಬಂತು.

"ಇದರ ಸ್ಪೀಕರಿನಿಂದ ಮಕ್ಕಳು ಶಬ್ದದ ಪಾಠ ಕಲಿಯುತ್ತಾರೆ, ಗಾಜಿನ ಭಾಗ ನಾವು ಮುಟ್ಟುವುದಿಲ್ಲ, ಅದಕ್ಕೆ ಬೇರೆ ವಿಲೇವಾರಿಯವರು ಇದ್ದಾರೆ" ಎಂದೆಲ್ಲ ನಾನು ವಿವರಿಸಿದೆ. ಕೊನೆಗೆ ಒಪ್ಪಿದರು. ಹೊಸ ಕುಂಕುಮ ಹಚ್ಚಿದರು. ನನ್ನ ಶಿಷ್ಯ ಟಿವಿಯನ್ನು ಎತ್ತಿಕೊಂಡು ವ್ಯಾನಿನಲ್ಲಿಟ್ಟ. ವ್ಯಾನು ಗೇಟು ದಾಟಿ ರಸ್ತೆಗೆ ಇಳಿದಿತ್ತಷ್ಟೇ, ಯಜಮಾನರು ಲುಂಗಿ ಎತ್ತಿ ಕಟ್ಟಿ ಹಿಂದಿನಿಂದ ಓಡಿ ಬಂದರು. ಮನಸ್ಸು ಬದಲಾಯಿತೋ ಏನೋ ಎಂದು ನಾವು ನಿಲ್ಲಿಸಿದೆವು.

ಅವರು ಏದುಸಿರು ಬಿಡುತ್ತಾ ಕಿಟಕಿಯಿಂದ ಒಂದು ರಿಮೋಟ್ ಒಳಗೆ ಕೊಟ್ಟರು. "ಇದನ್ನು ಬಿಟ್ಟು ಅದು ಒಂದು ದಿನವೂ ಇದ್ದದ್ದಿಲ್ಲ. ಸೆಲ್ ಹೊಸತು ಹಾಕಿದ್ದೇನೆ."

ಉಮ್ಮನ ಟೇಪ್ ರೆಕಾರ್ಡರ್

ಊರವರ ಮನೆಯಿಂದೆಲ್ಲ ಸಾಮಾನು ತರುವ ನನ್ನ ಶಿಷ್ಯನ ಸ್ವಂತ ಮನೆಯ ಹಾಲಿನಲ್ಲೇ, ಕಸೂತಿ ಹಾಕಿದ ಬಟ್ಟೆಯ ಕೆಳಗೆ, ಒಂದು ದೊಡ್ಡ ಟೇಪ್ ರೆಕಾರ್ಡರ್ ಇತ್ತು. ಅವನ ತಂದೆ ಗಲ್ಫಿನಿಂದ ಮೊದಲ ಸಲ ಬಂದಾಗ ತಂದದ್ದು. ತಂದೆ ತೀರಿಹೋದ ಮೇಲೆ ಅದು ಅವನ ತಾಯಿಯದು, ಉಮ್ಮನದು. ಪೇಟೆಗೆಲ್ಲ ರಿಪೇರಿ ಮಾಡಿಕೊಡುವ ಮಗನಿಗೆ ಅದನ್ನು ಮುಟ್ಟಲು ಅನುಮತಿ ಇರಲಿಲ್ಲ.

"ಒಳ್ಳೆಯ ಮೋಟಾರು ಟೀಚರೇ, ಆದರೆ ಉಮ್ಮನ ಹತ್ತಿರ ನೀವೇ ಕೇಳಿ" ಎಂದು ಅವನು ಹಿಂದೆ ನಿಂತ. ನಾನು ತುಳುವಿನಲ್ಲಿ ಕೇಳಿದೆ. ಉಮ್ಮ ಅದರ ಮೇಲಿನ ಬಟ್ಟೆಯನ್ನು ತೆಗೆದು ಮಡಚಿದರು. ಆಮೇಲೆ, "ಕೊಡ್ತೇನೆ. ಆದರೆ ಅಲ್ಲಿಗೆ ಬಂದು ನೋಡ್ತೇನೆ" ಎಂದರು.

ಹೇಳಿದಂತೆ ಬಂದರು. ಅಷ್ಟರಲ್ಲಿ ಮಕ್ಕಳು ಅದರ ಮೋಟಾರಿಗೆ ಒಂದು ಹಳೆಯ ಸಿಡಿ ಸಿಕ್ಕಿಸಿ, ಸಿಡಿಗೆ ಏಳು ಬಣ್ಣ ಬಳಿದಿದ್ದರು. ಗುಂಡಿ ಒತ್ತಿದರೆ ಸಿಡಿ ತಿರುಗುತ್ತದೆ, ಬಣ್ಣಗಳೆಲ್ಲ ಕೂಡಿ ಬೆಳ್ಳಗೆ ಕಾಣುತ್ತದೆ. ಉಮ್ಮ ಹತ್ತಿರ ಬಗ್ಗಿ, "ಅಷ್ಟು ಬಣ್ಣ ಎಲ್ಲಿ ಹೋಯ್ತು ಮಗಾ?" ಎಂದು ಕೇಳಿದರು. ಒಬ್ಬ ಪುಟ್ಟ ಹುಡುಗ ಸಮಾಧಾನ ಹೇಳಿದ, "ಹೋಗ್ಲಿಲ್ಲ ಅಜ್ಜಿ, ಎಲ್ಲ ಅಲ್ಲೇ ಉಂಟು." ಉಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಶಿಷ್ಯ ಗುಂಡಿಯನ್ನು ಮತ್ತೊಮ್ಮೆ ಒತ್ತಿದ.

ಮರುದಿನ ಬೆಳಿಗ್ಗೆಯೇ ಅವನ ಫೋನು. "ಟೀಚರೇ, ಉಮ್ಮನಿಗೆ ನೀವೇ ಹೇಳ್ಬೇಕು. ಮಕ್ಕಳಿಗೆ ಬೇಕಾಗ್ತದೆ ಅಂತ ಓಡುವ ಮಿಕ್ಸಿಯನ್ನೂ ಪ್ಯಾಕ್ ಮಾಡಿ ಇಟ್ಟಿದ್ದಾರೆ. ನನ್ನ ಹೆಂಡತಿ ಚಟ್ನಿ ಕಡೆಯಲಿಕ್ಕೆ ಪಕ್ಕದ ಮನೆಗೆ ಹೋಗಿದ್ದಾಳೆ!"

ಅಜ್ಜನ ಬ್ರಶ್

ಮೊಬೈಲಿನಲ್ಲಿ ಗುರ್ ಎಂದು ನಡುಗಿಸುವ ಒಂದು ಸಣ್ಣ ಮೋಟಾರು ಇರುತ್ತದೆ. ಹಲ್ಲುಜ್ಜುವ ಬ್ರಶ್ಶಿನ ತಲೆಯ ಮೇಲೆ ಅದನ್ನು ಅಂಟಿಸಿ ಸೆಲ್ ಕೊಟ್ಟರೆ ಬ್ರಶ್ ನೆಲದ ಮೇಲೆ ಹುಳದ ಹಾಗೆ ಓಡುತ್ತದೆ. "ನಾಳೆ ಎಲ್ಲರೂ ಒಂದೊಂದು ಹಳೇ ಬ್ರಶ್ ತನ್ನಿ" ಎಂದೆ. ಹಳೇ ಎಂದರೆ ಎಷ್ಟು ಹಳೇ ಎಂದು ನಾನು ಹೇಳಲಿಲ್ಲ. ಮರುದಿನ ಬಂದ ಬ್ರಶ್ಶುಗಳಲ್ಲಿ ಕೆಲವು ಇನ್ನೂ ಒದ್ದೆಯಾಗಿದ್ದವು.

ಮಧ್ಯಾಹ್ನದ ಹೊತ್ತಿಗೆ ಒಬ್ಬ ಹುಡುಗನ ಅಜ್ಜ ಬಂದರು. ಹಿಂದಿನ ಕಾಲದಲ್ಲಿ ಕಂಬಳದ ಗದ್ದೆಯಲ್ಲಿ ಕೋಣ ಓಡಿಸಿದವರು, ಈಗಲೂ ಗಟ್ಟಿ ಆಳು. "ನನ್ನ ಬ್ರಶ್ ಎಲ್ಲುಂಟು?" ಎಂದು ಗುಡುಗಿದರು. ಆ ಹೊತ್ತಿಗೆ ಅದು ಅವರ ಕಾಲಿನ ಬುಡದಲ್ಲೇ ಓಡುತ್ತಿತ್ತು, ಅದೂ ತಲೆ ಮಾತ್ರ, ಹಿಡಿ ಕತ್ತರಿಸಿ ಆಗಿತ್ತು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅಜ್ಜ ಕೈಯೆತ್ತಿ ತಡೆದರು. ಅವರ ಕಣ್ಣು ಬ್ರಶ್ಶಿನ ಮೇಲೆಯೇ ಇತ್ತು. ಮಕ್ಕಳು ನೆಲದ ಮೇಲೆ ಕಂಬಳದ ಹಾಗೆ ಎರಡು ಕರೆ, ಅಂದರೆ ಓಟದ ಪಟ್ಟಿ, ಎಳೆದು ಓಟಕ್ಕೆ ಬಿಟ್ಟಿದ್ದರು.

"ಬಲಕ್ಕೆ ಎಳೀತಾ ಉಂಟು" ಎಂದರು ಅಜ್ಜ. "ಮೋಟಾರು ಸ್ವಲ್ಪ ಎಡಕ್ಕೆ ಕೂರಿಸಿ." ಹುಡುಗ ಹಾಗೆಯೇ ಮಾಡಿದ. ಬ್ರಶ್ ಬಾಣದ ಹಾಗೆ ನೇರ ಓಡಿತು. ಅಜ್ಜ ಸೊಂಟಕ್ಕೆ ಮುಂಡಾಸಿನ ಬಟ್ಟೆ ಬಿಗಿದು, ಕೋಣಕ್ಕೆ ಹಾಕುವ ಕೂಗು ಹಾಕುತ್ತಾ ಅದರ ಹಿಂದೆಯೇ ಓಡಿದರು. ಪಕ್ಕದ ಕ್ಲಾಸು ಪಾಠ ಬಿಟ್ಟು ಬಂತು.

"ಹೊಸ ಬ್ರಶ್ ತಂದುಕೊಡ್ತೇನೆ ಅಜ್ಜಾ" ಎಂದೆ ನಾನು, ನಾಚಿಕೆಯಿಂದ.

"ಬೇಡ. ನಾನು ಮಾವಿನೆಲೆಯಲ್ಲಿ ಉಜ್ಜುತ್ತೇನೆ. ಸಂಜೆ ಇನ್ನೊಂದು ಓಟ ಓಡಿಸುವ, ಇದಕ್ಕೆ ಒಳ್ಳೆಯ ಸೆಲ್ ಹಾಕಿ."

ಬೆಲ್ಲಿನೊಳಗಿನ ಹೆಂಗಸು

ನಮ್ಮ ಆಟಿಕೆಗಳಲ್ಲಿ ಹಿರಿದು ಪ್ರಶ್ನೆಯ ಹಲಗೆ. ಎಡಗಡೆ ಪ್ರಶ್ನೆಗಳು, ಬಲಗಡೆ ಉತ್ತರಗಳು, ಒಂದೊಂದರ ಪಕ್ಕ ಒಂದೊಂದು ಮೊಳೆ. ಎರಡು ವಯರುಗಳನ್ನು ಪ್ರಶ್ನೆಗೂ ಸರಿಯಾದ ಉತ್ತರಕ್ಕೂ ಮುಟ್ಟಿಸಿದರೆ ಶಬ್ದ ಬರಬೇಕು. ಶಬ್ದಕ್ಕೆಂದು ನನ್ನ ಶಿಷ್ಯ ಯಾವುದೋ ಮನೆಯ ಹಳೆಯ ಕಾಲಿಂಗ್ ಬೆಲ್ ಸಿಕ್ಕಿಸಿದ. ಮೊದಲ ಸರಿ ಉತ್ತರಕ್ಕೆ ಒಳಗಿನಿಂದ ಒಬ್ಬ ಹೆಂಗಸಿನ ದನಿ ಬಂತು, "ಪ್ಲೀಸ್ ಓಪನ್ ದ ಡೋರ್!"

"ಇದೆಂತ ಮಾರಾಯ? ಬೇರೆ ಶಬ್ದ ಇಲ್ವಾ?"

"ಇಲ್ಲ ಟೀಚರೇ. ಆ ಹೆಂಗಸು ಅದರ ಒಳಗೇ ಇರುವುದು, ತೆಗೀಲಿಕ್ಕಾಗುವುದಿಲ್ಲ."

ಮಕ್ಕಳು ವಿಧೇಯರು. ದನಿ ಬಂದಾಗಲೆಲ್ಲ ಒಬ್ಬರು ಎದ್ದು ಹೋಗಿ ಬಾಗಿಲು ತೆರೆಯುತ್ತಿದ್ದರು. ಮೂರನೇ ಕ್ಲಾಸಿನ ಒಬ್ಬಳು ಹುಡುಗಿ ಇದ್ದಳು. ಮೊದಲ ದಿನ ಸ್ಕ್ರೂಡ್ರೈವರ್ ಮುಟ್ಟಲೂ ಹೆದರಿದವಳು. ಅವಳು ಇದನ್ನೊಂದು ಕಾನೂನು ಮಾಡಿಬಿಟ್ಟಳು. ಬಾಗಿಲು ಹಾಕಿರಬೇಕು, ಒಳಗೆ ಬಂದವರು ಹೊರಗೆ ಹೋಗಬೇಕಾದರೆ ಒಂದು ಸರಿ ಉತ್ತರ ಮುಟ್ಟಬೇಕು, ಬೆಲ್ಲಿನ ಹೆಂಗಸು ಹೇಳಬೇಕು, ಆಮೇಲೆಯೇ ಅವಳು ಚಿಲಕ ತೆಗೆಯುವುದು. ಸಾಲದ್ದಕ್ಕೆ ನಾನು ಬರೆದ ರಾಜಧಾನಿಗಳ ಪ್ರಶ್ನೆಗಳನ್ನು ಕಿತ್ತು ತನ್ನದೇ ಪ್ರಶ್ನೆ ಬರೆದು, ಹಿಂದಿನ ವಯರುಗಳನ್ನೂ ಬದಲಾಯಿಸಿದ್ದಳು. 'ಯಾರ ಮನೆಯ ನಾಯಿ ಕಚ್ಚುತ್ತದೆ?' 'ಬುಧವಾರ ಊಟಕ್ಕೆ ಯಾವ ಸಾಂಬಾರು?' 'ಬೆಳಿಗ್ಗೆ ಮೊದಲು ಕೂಗುವ ಕೋಳಿ ಯಾರದ್ದು?'

ಅಂದು ನನ್ನ ಶಿಷ್ಯನಿಗೆ ಅಂಗಡಿ ತೆರೆಯಲು ಅವಸರ. ಕೋಳಿಯ ಪ್ರಶ್ನೆಯಲ್ಲಿ ಸಿಕ್ಕಿಬಿದ್ದ. ಎಷ್ಟು ಬೇಡಿದರೂ ಹುಡುಗಿ ಕರಗಲಿಲ್ಲ. ಅವನು ಕಿಟಕಿಯಿಂದ ಹೊರಗಿದ್ದ ನನ್ನನ್ನು ಕರೆದು ಹೇಳಿದ, "ಟೀಚರೇ, ನಿಮ್ಮ ಕ್ಲಾಸಿನಲ್ಲೂ ನಾನು ಹೀಗೆಯೇ ಇದ್ದದ್ದು. ಆದರೆ ನೀವು ಬೆಲ್ಲಾದ ಮೇಲೆ ಬಿಡ್ತಿದ್ರಿ!"

ಸಾಹೇಬರು ಒಳಗೆ

ಕೊನೆಗೆ ಇಲಾಖೆಯ ಸಾಹೇಬರು ಬಂದೇ ಬಂದರು, ಹೇಳದೆ ಕೇಳದೆ. ಹೆಡ್ ಟೀಚರರ ಮುಖ ಬಿಳಿಚಿತ್ತು. ಸಾಹೇಬರು ಒಳಗೆ ಬಂದು ಒಮ್ಮೆ ಸುತ್ತ ನೋಡಿದರು. ಓಡುವ ಬ್ರಶ್, ತಿರುಗುವ ಸಿಡಿ, ಪ್ರಿಂಟರಿನ ಹಲ್ಲುಚಕ್ರದಿಂದ ಮಾಡಿದ ಗಡಿಯಾರ. "ಎಲ್ಲ ಚೆಂದ ಉಂಟು ಟೀಚರ್. ಆದರೆ ಹಾಳಾದ ಸಾಮಾನು ಇಡಲಿಕ್ಕೆ ಸರಕಾರದ ಕೋಣೆ ಕೊಡಲಿಕ್ಕಾಗುವುದಿಲ್ಲ. ಇಲ್ಲಿ ಮುರಿದ ಬೆಂಚು ಇಡಬೇಕು" ಎಂದರು. ಮುರಿದ ಬೆಂಚು ಹಾಳಾದ ಸಾಮಾನಲ್ಲವೇ ಎಂದು ಕೇಳಲು ನಾಲಗೆ ತುರಿಸಿತು, ತಡೆದುಕೊಂಡೆ. ಅವರು ತಿರುಗಿ ಬಾಗಿಲ ಕಡೆ ನಡೆದರು.

ಬಾಗಿಲಲ್ಲಿ ಹುಡುಗಿ, ಚಿಲಕದ ಮೇಲೆ ಕೈ. "ಸರ್, ಒಂದು ಉತ್ತರ ಮುಟ್ಟಬೇಕು."

ಹೆಡ್ ಟೀಚರ್ ಕಣ್ಣಿನಲ್ಲೇ ಗದರಿದರು. ಹುಡುಗಿ ಕಣ್ಣು ಬೇರೆ ಕಡೆ ತಿರುಗಿಸಿದಳು. ಸಾಹೇಬರು ನಕ್ಕು, "ಆಯ್ತು, ಅದಕ್ಕೆಂತ" ಎಂದು ವಯರು ಹಿಡಿದರು. ಸಾಂಬಾರಿನ ಪ್ರಶ್ನೆ. ಬದನೆ ಮುಟ್ಟಿದರು, ಶಬ್ದವಿಲ್ಲ. ಸೌತೆ ಮುಟ್ಟಿದರು, ಇಲ್ಲ. ಕೋಳಿಯದಂತೂ ಕೇಳುವುದೇ ಬೇಡ. ನಾಯಿಯ ಪ್ರಶ್ನೆಗೆ ಬರುವಾಗ ಅವರ ಹಣೆಯಲ್ಲಿ ಬೆವರು.

ಹೊರಗೆ ಜೀಪಿನ ಹಾರ್ನ್ ಕೇಳಿತು. ಆಮೇಲೆ ಡ್ರೈವರನ ದನಿ, "ಸರ್, ಮೀಟಿಂಗಿಗೆ ಹೊತ್ತಾಯ್ತು!"

"ನನ್ನನ್ನು ಬಿಡ್ತಾ ಇಲ್ಲ ಮಾರಾಯ! ಇಲ್ಲಿ ಯಾರ ಮನೆಯ ನಾಯಿ ಕಚ್ಚುವುದಂತೆ?"

"ಬಾವಿಕಟ್ಟೆ ಮನೆಯದ್ದು ಸರ್! ಈಗಷ್ಟೇ ನನ್ನ ಪ್ಯಾಂಟು ಹರಿದಿದೆ!"

"ಹೇಳಿಕೊಡಬಾರದು" ಎಂದಳು ಹುಡುಗಿ, ಬಾಗಿಲಿನ ಈಚೆಯಿಂದ ಗಟ್ಟಿಯಾಗಿ. "ಆ ಪ್ರಶ್ನೆ ಕ್ಯಾನ್ಸಲ್."

ಸಾಹೇಬರಿಗೆ ಛಲ ಬಂತು. ಪ್ಯಾಂಟು ಮೇಲೆಳೆದುಕೊಂಡು ನೆಲದ ಮೇಲೆ ಕೂತರು. ಹಲಗೆಯನ್ನು ಮಗುಚಿ ಹಿಂದೆ ನೋಡಿದರು, ಯಾವ ವಯರು ಎಲ್ಲಿಗೆ ಹೋಗಿದೆಯೆಂದು ಕಳ್ಳತನದಿಂದ ಪತ್ತೆ ಮಾಡುವ ಉಪಾಯ. ನೋಡುತ್ತಾ ನೋಡುತ್ತಾ ಅವರ ಮುಖ ಬದಲಾಯಿತು.

"ಈ ವಯರೆಲ್ಲ ಜೋಡಿಸಿದ್ದು ಯಾರು?"

"ನಾನು."

"ನೀನಾ? ಟೀಚರ್ ಹೇಳಿಕೊಟ್ರಾ?"

"ಮೊದಲು ಹೇಳಿಕೊಟ್ರು. ಪ್ರಶ್ನೆ ಬದಲಾಯಿಸಿದ ಮೇಲೆ ನಾನೇ ಮಾಡಿದ್ದು" ಎಂದು ಹುಡುಗಿ ಚಿಲಕ ಬಿಟ್ಟು ಅವರ ಪಕ್ಕ ಬಂದು ಕೂತಳು. ಕರೆಂಟು ಸೆಲ್ಲಿನಿಂದ ಎಲ್ಲಿಗೆ ಹೋಗುತ್ತದೆ, ಎಲ್ಲಿ ತಿರುಗಿ ಬರುತ್ತದೆ, ತಪ್ಪು ಉತ್ತರ ಮುಟ್ಟಿದರೆ ದಾರಿ ಎಲ್ಲಿ ತುಂಡಾಗುತ್ತದೆ, ಎಲ್ಲ ಬೆರಳಿಟ್ಟು ತೋರಿಸಿದಳು. ನಾನು ಎಷ್ಟೋ ವರ್ಷ ಇದೇ ಪಾಠ ಮಾಡಿದ್ದೇನೆ, ಇಷ್ಟು ಚೆಂದ ಮಾಡಿಲ್ಲ. ನನಗೆ ಹೆಮ್ಮೆಯಾಯಿತು. ಎಷ್ಟು ಹೆಮ್ಮೆ ಎಂದರೆ, ಕೋಣೆ ಹೋಗುತ್ತದೆ ಎಂಬುದೇ ಸ್ವಲ್ಪ ಹೊತ್ತು ಮರೆತುಹೋಗಿತ್ತು.

ಬಾಗಿಲು ಕಾಯುವವರು ಈಗ ಯಾರೂ ಇರಲಿಲ್ಲ. ಸಾಹೇಬರು ಎದ್ದು ಹೋಗಬಹುದಿತ್ತು, ಹೋಗಲಿಲ್ಲ. ವಯರಿನ ಜಾಡು ಹಿಡಿದು, ಹಲಗೆ ಮಗುಚಿ, ಸಾಂಬಾರಿನ ಪ್ರಶ್ನೆಗೂ ನುಗ್ಗೆಕಾಯಿಗೂ ಮುಟ್ಟಿಸಿದರು.

"ಪ್ಲೀಸ್ ಓಪನ್ ದ ಡೋರ್!"

ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಪರೀಕ್ಷೆ ಪಾಸಾದವರ ಹಾಗೆ ಸಾಹೇಬರೂ ನಕ್ಕರು. ಹುಡುಗಿ ಓಡಿ ಹೋಗಿ ಬಾಗಿಲು ತೆರೆದಳು. ಹೊಸ್ತಿಲಲ್ಲಿ ನಿಂತು ಅವರು ಹೆಡ್ ಟೀಚರಿಗೆ, "ಬೆಂಚಿಗೆ ಬೇರೆ ಜಾಗ ನೋಡುವ. ಈ ಕೋಣೆಯನ್ನು ಆಟಿಕೆ ಕೋಣೆ ಅಂತ ಬರೆದುಕೊಡ್ತೇನೆ" ಎಂದರು. ಹೆಡ್ ಟೀಚರ್ ಅಲ್ಲಿಯೇ ಇದ್ದ ಮುರಿದ ಸ್ಟೂಲಿನ ಮೇಲೆ ಕೂತುಬಿಟ್ಟರು.

ಸ್ವಲ್ಪ ದಿನ ಬಿಟ್ಟು ನನಗೆ ಸಾಹೇಬರದೇ ಫೋನು ಬಂತು. ದನಿ ತಗ್ಗಿಸಿ, ಕಚೇರಿಯಲ್ಲಿ ಯಾರಿಗೂ ಕೇಳಬಾರದೆಂಬಂತೆ ಮಾತಾಡಿದರು.

"ಟೀಚರ್, ನಾಡಿದ್ದು ನನ್ನ ಮೇಲಧಿಕಾರಿಗಳನ್ನು ಕರ್ಕೊಂಡು ಬರ್ತೇನೆ. ಆ ಹುಡುಗಿಗೆ ಹೇಳಿ, ಸಾಂಬಾರಿನ ಪ್ರಶ್ನೆ ಇರಲಿ, ಕೋಳಿಯದ್ದೂ ಇರಲಿ. ಅವರನ್ನು ಒಳಗೆ ಕಳಿಸಿ ನಾನು ಹೊರಗೆ ನಿಲ್ತೇನೆ. ಬಾವಿಕಟ್ಟೆ ಮನೆಯವರ ಹತ್ತಿರ ಮಾತ್ರ ಸ್ವಲ್ಪ ನಾಯಿ ಕಟ್ಟಲಿಕ್ಕೆ ಹೇಳಿ."